ಬೀಜದ ಪುಸ್ತಕ

"ನೂರು ಬರಲೇಬೇಕು ಮೇಡಂ," ಎಂದಳು ಆಫೀಸಿನ ಹುಡುಗಿ. "ತೊಂಬತ್ತೊಂಬತ್ತು ಹಾಕಿದ್ರೆ ಕಂಪ್ಯೂಟರ್ ತಗೊಳ್ಳಲ್ಲ, ನೂರೊಂದು ಹಾಕಿದ್ರೂ ತಗೊಳ್ಳಲ್ಲ. ಎಲ್ಲರ ಪಾಲೂ ಕೂಡಿದ್ರೆ ಸರಿಯಾಗಿ ನೂರು."

"ಹೆಚ್ಚುಕಮ್ಮಿ ನೂರು ಅಂತ ಹಾಕೋಕೆ ಬರಲ್ವಾ?"

ಹುಡುಗಿ ನಕ್ಕಳು. ಈ ಮೇಡಂ 'ಹೆಚ್ಚುಕಮ್ಮಿ' ಎನ್ನದೆ ಯಾವ ಸಂಖ್ಯೆಯನ್ನೂ ಬಾಯಿಂದ ಬಿಡುವುದಿಲ್ಲವೆಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಸಬರು ಅವಳನ್ನು ಬೆನ್ನ ಹಿಂದೆ ಹೆಚ್ಚುಕಮ್ಮಿ ಮೇಡಂ ಎನ್ನುತ್ತಿದ್ದರು. ಹಳಬರಿಗೆ ಅವಳು ಲೆಕ್ಕದಕ್ಕ. ಆ ಹಳಬರಲ್ಲಿ ಈಗ ಉಳಿದವರು ಯಾರು ಎಂದು ಎಣಿಸಲು ಒಂದು ಕೈಯ ಬೆರಳುಗಳೇ ಜಾಸ್ತಿ.

ಸಂಸ್ಥೆ ಹೊಸದಾಗಿ ಅಳತೆಗೆ ಹೊರಟಿತ್ತು. ಪ್ರಬಂಧದ ತಲೆಯ ಮೇಲೆ ಹೆಸರಿದ್ದರೆ ಇನ್ನು ಸಾಲದು. ಯೋಚನೆ ಯಾರದು, ಲೆಕ್ಕ ಯಾರದು, ಬರವಣಿಗೆ ಯಾರದು, ಒಟ್ಟಿನಲ್ಲಿ ನೂರಕ್ಕೆ ಎಷ್ಟು ಪಾಲು ಯಾರದು ಎಂದು ಬರೆದು, ಯಾವ ಆಧಾರದ ಮೇಲೆ ಎಂದೂ ತಿಳಿಸಿ, ಬದುಕಿರುವ ಲೇಖಕರೆಲ್ಲ ಸಹಿ ಹಾಕಬೇಕು. ತೀರಿಕೊಂಡವರ ಪಾಲನ್ನು ಉಳಿದವರು 'ನ್ಯಾಯಬುದ್ಧಿಯಿಂದ' ತುಂಬಬೇಕು.

ಲೆಕ್ಕದಕ್ಕನ ವಿಷಯ ಇಷ್ಟೇ: ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹತ್ತೊಂಬತ್ತು ವರ್ಷದಿಂದ ಅವಳ ಬಾಗಿಲ ಮೇಲಿನ ಹಲಗೆಯಲ್ಲಿ ಪ್ರಾಧ್ಯಾಪಕಿ ಎಂಬುದರ ಮುಂದೆ 'ಸಹ' ಎಂಬ ಎರಡಕ್ಷರ ಅಂಟಿಕೊಂಡಿತ್ತು. ಅದನ್ನು ಕಿತ್ತು ಹಾಕುವ ಕೊನೆಯ ಅವಕಾಶ ಈ ಸಲದ ಆಯ್ಕೆ. ಮೂವತ್ತೊಂದು ವರ್ಷದ ಹಿಂದೆ ಮೂವರು ಸೇರಿ ಬರೆದ, ಜಗತ್ತಿನ ಎಷ್ಟೋ ಕಡೆ ಇಂದಿಗೂ ಹೆಸರು ಹೇಳುವ ಹನ್ನೊಂದು ಪುಟದ ಪ್ರಬಂಧವೊಂದೇ ಅವಳ ಬಂಡವಾಳ. ಅದರಲ್ಲಿ ಅವಳ ಪಾಲು ನಲವತ್ತು ಅಥವಾ ಹೆಚ್ಚಿದ್ದರೆ ಗೆರೆ ದಾಟುತ್ತಾಳೆ. ಮೂವತ್ತೊಂಬತ್ತಾದರೆ ಇಲ್ಲ. ಶುಕ್ರವಾರ ಕೊನೆಯ ದಿನ.

ಮನೆಯಲ್ಲಿ ಗಂಡ ಆಗಲೇ, "ಹಲಗೆ ಬರೆಯೋನಿಗೆ ಹೇಳಿಟ್ಟಿದ್ದೀನಿ, ಅಕ್ಷರ ಕಮ್ಮಿಯಾದ್ರೆ ರೇಟೂ ಕಮ್ಮಿಯಂತೆ," ಎಂದು ತಮಾಷೆ ಮಾಡಿದ್ದ. ಅವಳು ನಕ್ಕಿದ್ದಳು. ಆಸೆಯನ್ನು ತಮಾಷೆಯೊಳಗೆ ಸುತ್ತಿ ಇಡುವುದು ಆ ಮನೆಯ ಹಳೆಯ ರೂಢಿ.

ಮೂವರಲ್ಲಿ ಮೇಷ್ಟ್ರು ತೀರಿಕೊಂಡು ಆರು ವರ್ಷವಾಗಿತ್ತು. ಇನ್ನೊಬ್ಬ ಉದ್ದಣ್ಣ. ಮೇಷ್ಟ್ರ ಹಿರಿಯ ಶಿಷ್ಯ, ಬಾಗಿಲಿಗೆ ತಲೆ ತಗ್ಗಿಸದೆ ಒಳಗೆ ಬರಲಾರದವನು. ಈಗ ದೂರದೂರಿನ ದೊಡ್ಡ ಸಂಸ್ಥೆಯೊಂದಕ್ಕೆ ಮುಖ್ಯಸ್ಥ. ಅವನು ಫೋನಿನಲ್ಲಿ ಎರಡೇ ಮಾತಿಗೆ ಮುಗಿಸಿದ್ದ.

"ಐವತ್ತು ಹಾಕ್ಕೊಂಡುಬಿಡಮ್ಮ. ಮೇಷ್ಟ್ರಿಗೆ ಮೂವತ್ತು, ನಂಗೆ ಇಪ್ಪತ್ತು. ಖಾಲಿ ಫಾರಂಗೇ ಸಹಿ ಹಾಕಿ ಕಳಿಸಿದ್ದೀನಿ."

"ಆಧಾರ ಏನು ಅಂತ ಕೇಳ್ತಾರೆ, ಉದ್ದಣ್ಣ."

"ನಿನ್ನ ಬಿಳಿಕೂದಲು ಅಂತ ಬರಿ!"

ಆದರೆ ಲೆಕ್ಕದಕ್ಕನಿಗೆ ಆಧಾರವಿಲ್ಲದೆ ಅಂಕಿ ಬರೆದು ಅಭ್ಯಾಸವಿರಲಿಲ್ಲ. ಆಧಾರ ಎಲ್ಲಿದೆಯೆಂದೂ ಅವಳಿಗೆ ಗೊತ್ತಿತ್ತು. ಬುಧವಾರ ಮಧ್ಯಾಹ್ನ ನೆಲಮಾಳಿಗೆಯ ಉಗ್ರಾಣದ ಬೀಗ ತೆಗೆಸಿ, ಕಾಲು ಮುರಿದ ಕುರ್ಚಿಗಳನ್ನು ಸರಿಸಿ, ಕಬ್ಬಿಣದ ಕಪಾಟಿನ ತಳದಿಂದ ಹಸಿರು ರಟ್ಟಿನ ಉದ್ದ ಪುಸ್ತಕವೊಂದನ್ನು ಎಳೆದಳು. ರಟ್ಟಿನ ಮೇಲೆ ಮೇಷ್ಟ್ರ ಓರೆ ಅಕ್ಷರ: ಬೀಜದ ಪುಸ್ತಕ.

ಮೂಗಿಗೆ ಹತ್ತಿರ ಹಿಡಿದಳು. ಹಳೇ ಕಾಗದ, ಧೂಳು. ಅದರಡಿಯಲ್ಲಿ ಎಲ್ಲೋ ಯಂತ್ರದ ಕೋಣೆಯ ಆ ತಣ್ಣನೆಯ ವಾಸನೆ. ಅಥವಾ ಅದು ಅವಳ ಮೂಗಿನ ಕಲ್ಪನೆಯೋ.

ಆ ಪ್ರಬಂಧ ಯಾವುದರ ಬಗ್ಗೆ ಎಂದು ಯಾರಾದರೂ ಕೇಳಿದರೆ ಲೆಕ್ಕದಕ್ಕ ಈಗಲೂ ಮೇಷ್ಟ್ರ ದಾರವನ್ನೇ ಸಾಲ ತರುತ್ತಿದ್ದಳು. ಮೇಷ್ಟ್ರು ಜೇಬಿನಿಂದ ತುಂಡು ದಾರ ತೆಗೆದು, "ಇದರ ಒಂದೇ ಒಂದು ತುದಿ ನನಗೆ ಕೊಡು ನೋಡೋಣ," ಎನ್ನುತ್ತಿದ್ದರು. ಕತ್ತರಿಸಿದರೆ ಎರಡು ದಾರ, ನಾಲ್ಕು ತುದಿ. ಮತ್ತೆ ಕತ್ತರಿಸಿದರೆ ಮತ್ತಷ್ಟು. ಬರೀ ಒಂದು ತುದಿ, ದಾರವಿಲ್ಲದ ತುದಿ, ಯಾರ ಕೈಗೂ ಸಿಗುವುದಿಲ್ಲ. ಪರಮಾಣುವಿನ ಹೊಟ್ಟೆಯ ಹೊಟ್ಟೆಯಲ್ಲಿರುವ ಕ್ವಾರ್ಕ್ ಎಂಬ ಕಣಗಳದ್ದೂ ಇದೇ ಪಾಡು. ಒಂಟಿ ಕ್ವಾರ್ಕನ್ನು ಇದುವರೆಗೆ ಕಂಡವರಿಲ್ಲ. ದೂರ ಎಳೆದಷ್ಟೂ ನಡುವಿನ ಕಟ್ಟು ಸಡಿಲವಾಗುವುದಿಲ್ಲ, ಬಿಗಿಯಾಗಿಯೇ ಇರುತ್ತದೆ. ಆ ಬಿಗಿ ಎಷ್ಟು? ಕೈಲೆಕ್ಕಕ್ಕೆ ಅದು ಬಗ್ಗುವ ಗಿರಾಕಿಯಲ್ಲ. ಹಾಗಾಗಿ ಖಾಲಿ ಜಾಗವನ್ನೇ ಮೀನಿನ ಬಲೆಯ ಹಾಗೆ ಚೌಕ ಚೌಕವಾಗಿ ಹೆಣೆದು ಕಂಪ್ಯೂಟರಿನೊಳಗೆ ಹರಡಿ, ಬಲೆಯ ಒಂದೊಂದು ಎಳೆಯಲ್ಲೂ ಲಕ್ಷಾಂತರ ಸಲ ದಾಳ ಉರುಳಿಸಿ, ಬಂದದ್ದನ್ನು ಸರಾಸರಿ ಮಾಡಿ ಆ ಬಿಗಿಯನ್ನು ಎಣಿಸಬೇಕಿತ್ತು.

ಕಂಪ್ಯೂಟರಿಗೆ ನಿಜವಾದ ದಾಳ ಎಲ್ಲಿಂದ ಬರಬೇಕು? ಮೊದಲಿಗೆ ಒಂದು ಸಂಖ್ಯೆ ಕೊಟ್ಟರೆ ಅದರಿಂದ ಉಳಿದ ದಾಳಗಳನ್ನೆಲ್ಲ ಅದೇ ಹುಟ್ಟಿಸಿಕೊಳ್ಳುತ್ತದೆ. ಆ ಮೊದಲ ಸಂಖ್ಯೆಗೆ ಬೀಜ ಎಂದು ಹೆಸರು. ಬೇರೆ ಬೀಜ ಹಾಕಿದರೆ ಬೇರೆ ದಾಳ. ಅದೇ ಬೀಜ ಮತ್ತೆ ಬಿತ್ತಿದರೆ ಅವೇ ದಾಳಗಳು ಅದೇ ಸಾಲಿನಲ್ಲಿ ಉರುಳಿ, ಕೊನೆಯ ಅಂಕಿಯವರೆಗೂ ಅದೇ ಉತ್ತರ. ಆದ್ದರಿಂದ ಒಂದು ಬೀಜವನ್ನು ಎರಡು ಸಲ ಹಾಕಕೂಡದು. ಹಾಕಿದರೆ ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆ ಹತ್ತಿಸಿ, ನನ್ನ ಕಡೆ ಇಬ್ಬರು ಸಾಕ್ಷಿಗಳಿದ್ದಾರೆ ಎಂದ ಹಾಗೆ. ಅದಕ್ಕೇ ಈ ಪುಸ್ತಕ. ಯಾರು ರನ್ ಹಾಕಿದರೂ, ಅಂದರೆ ಯಂತ್ರದಲ್ಲಿ ಲೆಕ್ಕ ಓಡಿಸಿದರೂ, ಮೊದಲು ಹಿಂದಿನ ಪುಟ ತಿರುವಿ, ತಮ್ಮ ಸಂಖ್ಯೆ ಅಲ್ಲಿಲ್ಲವೆಂದು ನೋಡಿಕೊಂಡು, ತಾರೀಖು, ಬೀಜ, ಸಹಿ ಹಾಕಬೇಕು. ಕಟ್ಟಕಡೆಯ ಕಾಲಂ 'ಎಲ್ಲಿದೆ'. ರನ್ನಿನ ಪ್ರಿಂಟ್ ಆದ ಕಾಗದದ ಕಟ್ಟು ಎಲ್ಲಿದೆಯೆಂಬುದು. ಅದನ್ನು ತುಂಬುತ್ತಿದ್ದವಳು ಸುರುಳಿ, ಪೆನ್ಸಿಲಿನಲ್ಲಿ.

ಸುರುಳಿ ಯಂತ್ರದ ಕೋಣೆಯ ಆಪರೇಟರು. ಊಟದ ತಟ್ಟೆಯಷ್ಟು ಅಗಲದ ಟೇಪಿನ ಸುರುಳಿಗಳನ್ನು ಹಾಕಿ ತೆಗೆಯುವುದು ಅವಳ ಕೆಲಸವಾದ್ದರಿಂದ ಉದ್ದಣ್ಣ ಇಟ್ಟ ಹೆಸರು. ಅವಳಿಗೂ ಅದು ಒಗ್ಗಿಹೋಗಿತ್ತು. ಆ ಕಟ್ಟಡದಲ್ಲಿ ಆಗ ಇದ್ದ ಹೆಂಗಸರು ಇಬ್ಬರೇ, ಲೆಕ್ಕದಕ್ಕ ಮತ್ತು ಸುರುಳಿ. ಹೆಂಗಸರ ಶೌಚಾಲಯದ ಬೀಗದ ಕೈ ಒಂದೇ ಇತ್ತು, ಇಬ್ಬರ ನಡುವೆ ಅದು ದಿನಕ್ಕೆ ಹತ್ತು ಸಲ ಓಡಾಡುತ್ತಿತ್ತು. ಸ್ನೇಹ ಬೆಳೆಯಲು ಅಷ್ಟು ಸಾಕಿತ್ತು.

ಲೆಕ್ಕದಕ್ಕ ಪುಸ್ತಕವನ್ನು ತನ್ನ ಕೋಣೆಗೆ ತಂದು ಕನ್ನಡಕ ಏರಿಸಿ ಕುಳಿತಳು. ಎಣಿಸಬೇಕಾದ್ದು ಸಹಿಗಳನ್ನು. ಆದರೆ ಒಂದೊಂದು ಬೀಜವೂ ಕೈ ಹಿಡಿದು ಕೂರಿಸಿಕೊಳ್ಳುತ್ತಿತ್ತು. ಬೀಜ ಬೆಸಸಂಖ್ಯೆಯಾಗಿರಬೇಕೆಂಬುದೊಂದೇ ನಿಯಮ, ಉಳಿದದ್ದು ಅವರವರ ಇಷ್ಟ. ಉದ್ದಣ್ಣ ಬಸ್ ಟಿಕೆಟ್ಟಿನ ನಂಬರು ಹಾಕುತ್ತಿದ್ದ. ಟಿಕೆಟ್ಟು ಸಮಸಂಖ್ಯೆಯಾದ ದಿನ ಬಸ್ಸಿಗೇ ಬೈಯುತ್ತಿದ್ದ. ಮೇಷ್ಟ್ರದು ಅವರ ಹಳೆಯ ಬಾಡಿಗೆ ಮನೆಗಳ ನಂಬರು. ಎಷ್ಟು ಮನೆ ಬದಲಾಯಿಸಿದ್ದರು ಪುಣ್ಯಾತ್ಮರು! ಲೆಕ್ಕದಕ್ಕನದು ತಾರೀಖುಗಳು: ಮದುವೆಯಾದದ್ದು, ಅಮ್ಮ ತೀರಿಕೊಂಡದ್ದು, ಮೊದಲ ಸಂಬಳ. ಮರೆತೇಹೋಗಿದ್ದ ಎಷ್ಟೋ ದಿನಗಳು ಆರಂಕಿಯ ವೇಷ ಹಾಕಿಕೊಂಡು ಇಲ್ಲಿ ಸಾಲಾಗಿ ಕೂತಿದ್ದವು.

ಕೋಣೆಯ ಚಳಿ ನೆನಪಾಯಿತು. ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗೆ ಸ್ವೆಟರ್. ಬಾಗಿಲಾಚೆ ಬಿಟ್ಟ ಚಪ್ಪಲಿ. ಪ್ರಿಂಟರು ಸದ್ದು ಮಾಡುತ್ತ ಕಾಗದವನ್ನು ಮಡಿಕೆ ಮಡಿಕೆಯಾಗಿ ಕಕ್ಕುತ್ತಿದ್ದರೆ ಅದರ ಮುಂದೆ ಸುರುಳಿ ಸೊಂಟದ ಮೇಲೆ ಕೈಯಿಟ್ಟು, ಹಾಲು ಉಕ್ಕೀತೆಂದು ಕಾಯುವವಳ ಹಾಗೆ ನಿಂತಿರುತ್ತಿದ್ದಳು.

ಮೊದಲ ಎಣಿಕೆ ಮುಗಿಯಿತು. ಮೇಷ್ಟ್ರ ಯೋಚನೆಯ ಪಾಲು, ಉದ್ದಣ್ಣನ ಪ್ರೋಗ್ರಾಮಿನ ಪಾಲು, ರನ್ನುಗಳು, ಬರವಣಿಗೆ ಎಲ್ಲ ಸೇರಿಸಿ ತೂಗಿದರೆ ಮೇಷ್ಟ್ರಿಗೆ ಮೂವತ್ತು, ಉದ್ದಣ್ಣನಿಗೆ ಇಪ್ಪತ್ತನಾಲ್ಕು, ತನಗೆ ನಲವತ್ತಾರು. ಎದೆಯೊಳಗೆ ಏನೋ ಹಗುರಾಯಿತು. ನಲವತ್ತಾರು! ಯಾರ ಕೃಪೆಯೂ ಅಲ್ಲ, ಐವತ್ತರ ಉಡುಗೊರೆಯೂ ಅಲ್ಲ, ಎಣಿಸಿದ್ದು.

ಆದರೂ ಎಣಿಸಿದ್ದನ್ನು ಇನ್ನೊಮ್ಮೆ ಎಣಿಸುವುದು ಕೈಯ ಚಾಳಿ. ಎರಡನೆಯ ಸಲ ಬೆರಳು ಸಹಿಗಳ ಕಾಲಮ್ಮಿನಲ್ಲಿ ನಿಧಾನವಾಗಿ ಇಳಿಯಿತು. ತನ್ನದೆಂದೂ ಉಳಿದಿಬ್ಬರದೆಂದೂ ಎಣಿಸಿದ್ದ ಎಷ್ಟೋ ಸಾಲುಗಳ ಮುಂದೆ ಇದ್ದದ್ದು ಮೂವರಲ್ಲಿ ಯಾರ ಸಹಿಯೂ ಅಲ್ಲ, ಪುಟ್ಟದೊಂದು ಸುತ್ತು. ಸುರುಳಿಯ ಗುರುತು. ಬೀಜವೂ ತಾರೀಖಲ್ಲ. 4417. ಆಮೇಲೆ 4419. ಆಮೇಲೆ 4421. ಸುರುಳಿಯ ಮನೆಯ ಬೀಗದ ಮೇಲಿನ ನಂಬರು ಮತ್ತು ಅದರ ಮುಂದಿನ ಬೆಸಸಂಖ್ಯೆಗಳು. ವಿದ್ಯುತ್ತು ಹೋಗಿ ಯಂತ್ರ ನಿಂತಾಗ, ಟೇಪು ಹರಿದಾಗ, ಯಾರೂ ಇಲ್ಲದಿದ್ದಾಗ ಸುರುಳಿ ತಾನೇ ಹೊಸ ಬೀಜ ಹಾಕಿ ಮತ್ತೆ ಓಡಿಸಿದ್ದಳು. ಅದರಲ್ಲೂ ಆ ನಾಲ್ಕು ತಿಂಗಳು, ಲೆಕ್ಕದಕ್ಕ ಹೆರಿಗೆಗೆ ಹೋಗಿದ್ದಾಗ, ಪುಟದ ತುಂಬ ಸುತ್ತುಗಳೇ.

ಅಲ್ಲೇ ಕಂಡಿತು: 170993.

ಮಗಳು ಹುಟ್ಟಿದ ದಿನ. ಮರುದಿನ ಉದ್ದಣ್ಣ ಹಾಕಿದ ರನ್. ಬಸ್ ಟಿಕೆಟ್ಟು ಬಿಟ್ಟು ಅವಳ ಮಗಳ ತಾರೀಖು ಹಾಕಿದ್ದ. ಪಕ್ಕದಲ್ಲೊಂದು ಸೊಟ್ಟ ಹೂವು ಬರೆದಿದ್ದ. ಎರಡು ಪುಟ ತಿರುವಿದರೆ ಜನವರಿ ಮೂರು, ರಜೆ ಮುಗಿಸಿ ಬಂದ ಮೊದಲ ದಿನ, ಅವಳದೇ ಕೈ: 170993.

ಈ ಕತೆ ಅವಳಿಗೆ ಚೆನ್ನಾಗಿ ಗೊತ್ತು. ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುವ ಕತೆಯೇ ಇದು. ನಿದ್ದೆಯಿಲ್ಲದೆ, ಎದೆಹಾಲು ಕಟ್ಟಿಕೊಂಡು, ಮಗುವನ್ನು ಅತ್ತೆಯ ಕೈಗಿಟ್ಟು ಬಂದ ಹುಡುಗಿ. ತಲೆಯಲ್ಲಿದ್ದ ಒಂದೇ ಸಂಖ್ಯೆಯನ್ನು ಹಿಂದಿನ ಪುಟ ನೋಡದೆ ಬಿತ್ತಿದ್ದು. ಒಂದೇ ಸಾಕ್ಷಿ ಎರಡು ಸಲ ಕಟಕಟೆ ಹತ್ತಿದ್ದರಿಂದ ಅವರ ಉತ್ತರ ಇರಬೇಕಾದ್ದಕ್ಕಿಂತ ನಿಖರವಾಗಿ ಕಂಡು ಮೇಷ್ಟ್ರು ಕುಣಿದಾಡಿದ್ದು. "ಆಮೇಲೆ ಒಂದು ಮಧ್ಯಾಹ್ನ," ಎಂದು ಅವಳು ದನಿ ತಗ್ಗಿಸುತ್ತಿದ್ದಳು, "ನಾನು ಟೀ ಕುಡೀತಾ ಇದ್ದೆ. ಮೇಜಿನ ಮೇಲೆ ಎರಡು ರನ್ನಿನ ಕಾಗದ ಅಕ್ಕಪಕ್ಕ ಬಿದ್ದಿದ್ವು. ಕೊನೇ ಸಾಲು ನೋಡ್ತೀನಿ, ಎಂಟೂ ಅಂಕಿ ಒಂದೇ! ಟೀ ತಣ್ಣಗಾಯ್ತು, ನಾನೂ ತಣ್ಣಗಾದೆ." ಆ ರನ್ ಕಿತ್ತು ಹಾಕಿ, ಎಲ್ಲವನ್ನೂ ಜಾಲಾಡಿ, ಉತ್ತರ ಎಷ್ಟು ಅತ್ತಿತ್ತ ಆಗಬಹುದೆಂಬ ಹೆಚ್ಚುಕಮ್ಮಿಯನ್ನು ದೊಡ್ಡದಾಗಿಯೇ ಬರೆದು ಪ್ರಕಟಿಸಿದ್ದಕ್ಕೆ ಆ ಪ್ರಬಂಧ ಇಂದಿಗೂ ನಿಂತಿದೆ. ಆತುರಪಟ್ಟ ಬೇರೆಯವರದು ಬಿದ್ದುಹೋಯಿತು. "ಹೆಚ್ಚುಕಮ್ಮಿ ಹೇಳದವನು ಅರ್ಧ ಸುಳ್ಳ," ಎಂಬ ಮೇಷ್ಟ್ರ ಮಾತಿನೊಂದಿಗೆ ಅವಳು ಕತೆ ಮುಗಿಸುತ್ತಿದ್ದಳು.

ಈಗ ಅವಳ ಕಣ್ಣು ಜನವರಿ ಮೂರರ ಸಾಲಿನಲ್ಲಿ ಜಾರಿ ಕೊನೆಯ ಕಾಲಮ್ಮಿಗೆ ಹೋಯಿತು. 'ಎಲ್ಲಿದೆ'. ಮೇಲಿನ ಸಾಲುಗಳಲ್ಲೆಲ್ಲ ಪೆನ್ಸಿಲಿನ ಗುಂಡಕ್ಷರ: ಮೂರನೇ ಕಪಾಟು, ಮೇಷ್ಟ್ರ ಮೇಜು, ಕಿಟಕಿ ಪಕ್ಕ. ಈ ಸಾಲಿಗೆ ಜಾಗ ಸಾಲದೆ ಅಕ್ಷರ ಅಂಚಿಗೆ ಹತ್ತಿತ್ತು:

ಹೂವಿನದೂ ಇದೂ ಒಂದೇ ಮಗು. ಎರಡನ್ನೂ ಅಕ್ಕನ ಟೀ ಲೋಟದ ಪಕ್ಕ ಇಟ್ಟಿದ್ದೇನೆ.

ಲೆಕ್ಕದಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಅಕ್ಷರ ಬದಲಾಗಲಿಲ್ಲ.

ಕಣ್ಣು ಮುಚ್ಚಿದರೆ ಆ ಮಧ್ಯಾಹ್ನ ಇದ್ದ ಹಾಗೇ ಇತ್ತು. ಲೋಟದ ಅಂಚಿನ ಸೀಳು, ಮೇಜಿನ ಮೇಲೆ ಬಿಸಿಲಿನ ಚೌಕ, ಎರಡು ಕಾಗದ, ಅಂಚಿಗೆ ಅಂಚು ಹೊಂದಿಸಿ. ಅಂಚಿಗೆ ಅಂಚು ಹೊಂದಿಸಿ ಕಾಗದ ತಾವಾಗಿಯೇ ಬೀಳುತ್ತವೆಯೇ? ಮೂವತ್ತೊಂದು ವರ್ಷ ಅವಳು ಇದನ್ನು ಕೇಳಿಕೊಂಡಿರಲಿಲ್ಲ. ಚಿತ್ರದಲ್ಲಿ ಎಲ್ಲವೂ ಇತ್ತು, ಕಾಗದ ಇಟ್ಟ ಕೈಯೊಂದು ಬಿಟ್ಟು.

ಸಂಜೆ ಪುಸ್ತಕವನ್ನು ಮನೆಗೆ ತಂದಳು. ಮಗಳು ಬಂದಿದ್ದಳು. ಮೂವತ್ತೊಂದರ ಹೆಂಗಸು, ಜನರ ಮೊಣಕಾಲು ಸೊಂಟ ನೆಟ್ಟಗೆ ಮಾಡುವ ಕೆಲಸ. ಪುಟ ನೋಡಿ, "ಅಮ್ಮಾ, ನಾನು ಎರಡು ಸಲ ಹುಟ್ಟಿದ್ದೀನಾ?" ಎಂದು ನಕ್ಕವಳು ಪೆನ್ಸಿಲಿನ ಸಾಲು ಓದಿ ತಲೆಯೆತ್ತಿದಳು.

"ಈ ಕತೆ ನೂರು ಸಲ ಹೇಳಿದ್ದೀಯ. ಒಂದು ಸಲಾನೂ ಅದ್ರಲ್ಲಿ ಸುರುಳಿ ಆಂಟಿ ಇರಲಿಲ್ಲ."

"ನಂಗೆ ನೆನಪೇ ಇಲ್ವೇ. ಸುಳ್ಳು ಹೇಳಿದ್ದಲ್ಲ."

"ಸುಳ್ಳು ಅಂತ ನಾನೆಲ್ಲಿ ಅಂದೆ?" ಎಂದಳು ಮಗಳು. ಅದು ಇನ್ನೂ ಚುಚ್ಚಿತು.

ಊಟವಾದ ಮೇಲೆ ಲೆಕ್ಕದಕ್ಕ ಮತ್ತೆ ತೂಗಿದಳು. ಸುತ್ತುಗಳನ್ನು ಸುತ್ತಿದವಳಿಗೇ ಕೊಟ್ಟು, ಆ ಮಧ್ಯಾಹ್ನವನ್ನೂ ಅದು ಸೇರಬೇಕಾದ ಕಡೆ ಇಟ್ಟರೆ ಮೇಷ್ಟ್ರಿಗೆ ಇಪ್ಪತ್ತೆಂಟು, ಉದ್ದಣ್ಣನಿಗೆ ಹದಿನೆಂಟು, ಸುರುಳಿಗೆ ಹದಿನೆಂಟು, ತನಗೆ ಮೂವತ್ತಾರು. ನೆಟ್ಟಗೆ ಹೇಗೆ ತೂಗಿದರೂ ಮೂವತ್ತಾರು. ತನ್ನ ಕಡೆಗೇ ವಾಲಿಸಿ ಎಳೆದಾಡಿದರೆ ನಲವತ್ತು ಆಗುತ್ತಿತ್ತೋ ಏನೋ. ಆದರೆ ಹೆಚ್ಚುಕಮ್ಮಿಯನ್ನು ತನ್ನ ಕಡೆಗೆ ಮಾತ್ರ ಎಳೆಯುವವನನ್ನು ಮೇಷ್ಟ್ರು ಏನೆಂದು ಕರೆಯುತ್ತಿದ್ದರೆಂದು ನೆನಪಿಸಿಕೊಳ್ಳಲು ಅವಳಿಗೆ ಇಷ್ಟವಾಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಸುರುಳಿಯ ಮನೆ ಹುಡುಕಿಕೊಂಡು ಹೋದಳು. ಕೊನೆಯ ಸಲ ನೋಡಿದ್ದು ಸುರುಳಿಯ ನಿವೃತ್ತಿಯ ದಿನ. "ಬರ್ತಿರಿ", "ನೀವೂ ಬನ್ನಿ" ಎಂದು ಹೇಳಿಕೊಂಡು ಒಂಬತ್ತು ವರ್ಷ. ಚಪ್ಪಲಿ ರಿಪೇರಿ ಅಂಗಡಿಯ ಮೇಲೆ ಎರಡನೆಯ ಮಹಡಿ. ತೆರೆದ ಬಾಗಿಲಿನ ಚಿಲಕಕ್ಕೆ ಹಳೆಯ ದಪ್ಪ ಬೀಗ ತೂಗುತ್ತಿತ್ತು. ಬಗ್ಗಿ ನೋಡಿದಳು. 4417.

"ಬೀಗ ನೋಡೋಕೆ ಬಂದ್ರಾ, ನನ್ನ ನೋಡೋಕೋ?" ಒಳಗಿನಿಂದ ದನಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಸುರುಳಿ ಕುಳಿತಿದ್ದಳು, ತೊಡೆಯ ಮೇಲೆ ಯಾರದೋ ಪ್ಯಾಂಟು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಲ್ಲದ ಗುಳಿ ಹಾಗೇ ಇತ್ತು. "ಅಯ್ಯೋ ಲೆಕ್ಕದಕ್ಕ! ಎಷ್ಟು ಇಳಿದುಹೋಗಿದ್ದೀರಿ. ಮನೇಲಿ ಊಟ ಹಾಕ್ತಾರೋ, ಅಂಕಿ ತಿನ್ನಿಸ್ತಾರೋ?"

ಟೀ ಬಂತು. ಮಕ್ಕಳ, ಮಂಡಿನೋವಿನ, ಸತ್ತವರ ಸುದ್ದಿಯಾಯಿತು. ಲೆಕ್ಕದಕ್ಕ ಚೀಲದಿಂದ ಹಸಿರು ಪುಸ್ತಕ ತೆಗೆದಾಗ ಸುರುಳಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಎತ್ತಿಕೊಳ್ಳಲು ಮಗು ಕೊಟ್ಟರೆ ಹೇಗೋ ಹಾಗೆ ಈಸಿಕೊಂಡಳು.

"ಇದನ್ನ ಇನ್ನೂ ತೂಕಕ್ಕೆ ಹಾಕಿಲ್ವಾ!"

"ಆ ಪುಟ ನೋಡು."

ಸುರುಳಿ ನೋಡಿದಳು. ಪೆನ್ಸಿಲಿನ ಸಾಲಿನ ಮೇಲೆ ಬೆರಳಾಡಿಸಿದಳು.

"ಎಷ್ಟು ಗುಂಡಗಿತ್ತಲ್ವಾ ನನ್ನ ಅಕ್ಷರ," ಎಂದಳು.

"ನೀನು ಕಂಡುಹಿಡಿದದ್ದು ಅದು. ನಾನಲ್ಲ. ನಂಗೆ ಯಾಕೆ ಬಾಯಿಬಿಟ್ಟು ಹೇಳಲಿಲ್ಲ?"

"ಹೇಳೋದಾ? ನಿಮ್ಮ ಮುಖ ನೋಡಿಕೊಂಡಿದ್ರಾ ಆವಾಗ? ನಾಲ್ಕು ದಿನದಿಂದ ಆ ಕಾಗದ ನನ್ನ ಕೈಲಿತ್ತು. ದಿನಾ ಅನ್ಕೊಳ್ಳೋದು, ಇವತ್ತು ಹೇಳೋಣ ಅಂತ. ನೀವು ಶೌಚಾಲಯದಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ರಿ, ಕೀ ಇಸ್ಕೊಳ್ಳೋಕೆ ಬಂದು ನಾನು ಹೊರಗೆ ನಿಂತಿರ್ತಿದ್ದೆ. ಮಗು ಬಿಟ್ಟು ಬಂದೋಳಿಗೆ, ನೀನು ಬಂದ ದಿನವೇ ತಪ್ಪು ಮಾಡಿದ್ದೀಯ ಅಂತ ಆಪರೇಟರು ಹೇಳೋದಾ? ಅದೂ ಮಗೂ ಹುಟ್ಟಿದ ದಿನ ಹಾಕಿದ್ದಕ್ಕೆ? ನೀವೇ ಕಂಡಹಾಗೆ ಆಗ್ಲಿ ಅಂತ ಟೀ ಪಕ್ಕ ಇಟ್ಟು ಬಾಗಿಲ ಹತ್ರ ನಿಂತೆ. ಒಂದು ಲೋಟ ಟೀ ಕುಡಿಯೋಕೆ ಅಷ್ಟು ಹೊತ್ತಾ! ನೀವು ಬಗ್ಗಿ ನೋಡಿದ್ದು ಕಂಡ ಮೇಲೆ ಟೇಪು ಬದಲಾಯಿಸೋಕೆ ಹೋದೆ."

ಆ ವರ್ಷಗಳಲ್ಲಿ ತಾನು ಒಬ್ಬಳೇ ಗಟ್ಟಿಯಾಗಿ ನಿಂತೆನೆಂಬ ಹೆಮ್ಮೆಯೊಂದು ಲೆಕ್ಕದಕ್ಕನಲ್ಲಿ ಯಾರಿಗೂ ಹೇಳದೆ ಬೆಚ್ಚಗೆ ಇತ್ತು. ನಲ್ಲಿಯ ಸದ್ದು ಅಳುವನ್ನು ಮುಚ್ಚುತ್ತದೆಂದು ನಂಬಿದ್ದಳು. ಬಾಗಿಲಾಚೆ ಒಬ್ಬಳು ನಿಂತಿದ್ದಳಂತೆ, ನಾಲ್ಕು ದಿನ.

ಆಮೇಲೆ ಫಾರಂ ತೆಗೆದು ವಿಷಯ ಹೇಳಿದಳು. ನೂರು, ನಲವತ್ತು, ಉದ್ದಣ್ಣ ಹಾಕ್ಕೋ ಎಂದ ಐವತ್ತು, ಮೂವತ್ತಾರು, ಹದಿನೆಂಟು.

"ಈ ಹದಿನೆಂಟರಿಂದ ನಂಗೇನು ಸಿಗತ್ತೆ?"

"ಏನೂ ಇಲ್ಲ."

"ನಿಮಗೆ?"

"ಬರೋದು ಬರಲ್ಲ."

"ಬುದ್ಧಿ ನೆಟ್ಟಗಿದೆಯಾ ನಿಮಗೆ?" ಸುರುಳಿ ಪ್ಯಾಂಟನ್ನು ಪಕ್ಕಕ್ಕೆ ಎಸೆದಳು. "ಕೊಟ್ಟದ್ದನ್ನ ಮೂವತ್ತು ವರ್ಷ ಆದ ಮೇಲೆ ತೊಳೆದು ವಾಪಸ್ ತಂದಿದ್ದೀರಾ, ಪಕ್ಕದ ಮನೆ ಪಾತ್ರೆ ಹಾಗೆ? ಉದ್ದಣ್ಣನಿಗಿರೋ ಬುದ್ಧೀನೂ ನಿಮಗಿಲ್ಲ. ಐವತ್ತು ಹಾಕ್ಕೊಳ್ಳಿ, ಹೋಗಿ!"

ಬೈಯುತ್ತಲೇ ಎದ್ದು ಲೋಟಗಳನ್ನು ಎತ್ತಿಕೊಂಡಳು. ಬಾಗಿಲ ಹತ್ತಿರ ನಿಂತು, ಇತ್ತ ತಿರುಗದೆ ಹೇಳಿದಳು: "ಪ್ರಬಂಧ ಅಚ್ಚಾಗಿ ಬಂದ ದಿನ ಲೈಬ್ರರಿಗೆ ಹೋಗಿ ನೋಡಿದೆ. ಮೊದಲನೇ ಪುಟ ನೋಡಿದೆ. ಕೊನೇಲಿ ಥ್ಯಾಂಕ್ಸ್ ಹೇಳಿರ್ತಾರಲ್ಲ, ಅದನ್ನೂ ನೋಡಿದೆ. 'ಯಂತ್ರಕೋಣೆಯ ಸಿಬ್ಬಂದಿ' ಅಂತಿತ್ತು. ಸಿಬ್ಬಂದಿ ಅಂದ್ರೆ ನಾನೊಬ್ಬಳೇ ತಾನೇ. ಆವತ್ತು ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

ಆ ಸಾಲನ್ನು ಬರೆದದ್ದು ಯಾರೆಂದು ಲೆಕ್ಕದಕ್ಕನಿಗೆ ಗೊತ್ತಿತ್ತು. ಹೆಸರು ಹಾಕಿದರೆ ಉದ್ದವಾಗುತ್ತದೆ, ಪುಟ ಹನ್ನೆರಡಕ್ಕೆ ಹೋಗುತ್ತದೆ ಎಂದು ತಾನೇ ಕತ್ತರಿಸಿದ್ದು.

ಸುರುಳಿ ಲೋಟ ತೊಳೆದು ಬಂದು ಕೂತಳು. ಮುಖ ಮಾಮೂಲಿಗೆ ಬಂದಿತ್ತು. "ಅದಿರಲಿ. ಹನ್ನೆರಡು ವರ್ಷ ನಿಮ್ಮ ಕಾಗದ ಹೊತ್ತೆ. ಅಷ್ಟೂ ದಿನ ನಾವು ಎಣಿಸಿದ್ದಾದ್ರೂ ಏನನ್ನ? ಒಬ್ಬರೂ ಹೇಳಲಿಲ್ಲ ನೋಡಿ."

ಹೊಲಿಗೆ ಯಂತ್ರದ ಮೇಲೆ ದಾರವಿತ್ತು. ಲೆಕ್ಕದಕ್ಕ ಒಂದು ಗೇಣು ಎಳೆದು ಹರಿದಳು. "ಇದರ ಒಂದೇ ಒಂದು ತುದಿ ನಂಗೆ ಕೊಡು ನೋಡೋಣ."

ಸುರುಳಿ ಕತ್ತರಿ ತೆಗೆದುಕೊಂಡಳು. ಒಂದು ಸಲ ಕತ್ತರಿಸಿದಳು, ಇನ್ನೊಂದು ಸಲ, ಆಮೇಲೆ ನಾರಿನಷ್ಟು ಚಿಕ್ಕದಾಗಿ. ತೊಡೆಯ ಮೇಲೆಲ್ಲ ದಾರದ ಚೂರು. ಲೆಕ್ಕದಕ್ಕ ಹೇಳುತ್ತಲೇ ಇದ್ದಳು: ಕ್ವಾರ್ಕು, ಬಲೆ, ದಾಳ, ಎಳೆದಷ್ಟೂ ಬಿಡದ ಬಿಗಿ. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಚೌಕ ಸರಿದಿತ್ತು.

"ಅಂದ್ರೆ ಬಿಡಿಸಿದ್ರೂ ಬಿಡಿಯಾಗಿ ಸಿಗಲ್ಲ," ಎಂದಳು ಸುರುಳಿ. "ಇಷ್ಟೇನಾ? ಇದಕ್ಕೆ ಅಷ್ಟು ಕಾಗದ ಯಾಕೆ ಬೇಕಿತ್ತು? ನಮ್ಮತ್ತೇನ ಕೇಳಿದ್ರೆ ಒಂದೇ ಮಾತಲ್ಲಿ ಹೇಳ್ತಿದ್ರು!"

ಇಬ್ಬರೂ ನಕ್ಕರು. ಯಂತ್ರದ ಕೋಣೆಯಲ್ಲಿ ಪ್ರಿಂಟರಿನ ಸದ್ದಿನ ಮರೆಯಲ್ಲಿ ನಗುತ್ತಿದ್ದ ಹಾಗೆ, ಕಣ್ಣಲ್ಲಿ ನೀರು ಬರುವ ತನಕ.

ಶುಕ್ರವಾರ ಮಧ್ಯಾಹ್ನ ಆಫೀಸಿನ ಹುಡುಗಿ ಫಾರಂ ನೋಡಿ ಹುಬ್ಬು ಗಂಟಿಕ್ಕಿದಳು. ಪ್ರಬಂಧದಲ್ಲಿ ಮೂರು ಹೆಸರು, ಆದ್ದರಿಂದ ಫಾರಂನಲ್ಲಿ ಮೂರು ಸಾಲು. ಲೆಕ್ಕದಕ್ಕ ಕೆಳಗೆ ಸ್ಕೇಲಿಟ್ಟು ನಾಲ್ಕನೆಯದನ್ನು ಎಳೆದಿದ್ದಳು. ಸುರುಳಿಯ ನಿಜವಾದ ಹೆಸರನ್ನು, ಹಾಜರಿ ಪುಸ್ತಕದಲ್ಲಿದ್ದ ಹಾಗೆ ಪೂರ್ತಿಯಾಗಿ ಬರೆದಿದ್ದಳು. ಆಧಾರ ಎಂಬಲ್ಲಿ ಬೀಜದ ಪುಸ್ತಕದ ಹದಿನಾಲ್ಕು ಪುಟಗಳ ನಕಲು. ಹಿಂದಿನ ಸಂಜೆ ಉದ್ದಣ್ಣನಿಗೆ ಎಲ್ಲ ಓದಿ ಹೇಳಿದಾಗ ಅವನು, "ಆ ಹೂವು ಬರೆದೋನು ನಾನೇ. ತಪ್ಪಲ್ಲಿ ನಂದೂ ಅರ್ಧ ಪಾಲಿದೆ, ಅದನ್ನೂ ಬರಿ," ಎಂದಿದ್ದ.

"ನಾಲ್ಕನೇ ಸಾಲನ್ನ ಕಂಪ್ಯೂಟರ್ ತಗೊಳ್ಳಲ್ಲ ಮೇಡಂ. ಮೂರೇ ಹಾಕಿದ್ರೆ ಎಂಬತ್ತೆರಡು ಬರತ್ತೆ. ನೂರಾಗಲ್ಲ. ಫಾರಂ ವಾಪಸ್ ಬರತ್ತೆ. ಅಷ್ಟೊತ್ತಿಗೆ ಆಯ್ಕೆ ಮುಗಿದಿರತ್ತೆ." ಹುಡುಗಿ ದನಿ ತಗ್ಗಿಸಿದಳು. "ಆ ಹದಿನೆಂಟನ್ನ ನಿಮ್ಮ ಸಾಲಿಗೇ ಸೇರಿಸಿಬಿಡಿ. ಯಾರು ನೋಡ್ತಾರೆ?"

ಕೈಗೆ ಬಂದ ತುತ್ತು ಬಾಯಿಯ ಹತ್ತಿರವೇ ಇತ್ತು. ಲೆಕ್ಕದಕ್ಕ ಒಂದು ಕ್ಷಣ ಆ ಮೂರು ಸಾಲುಗಳನ್ನು ನೋಡಿದಳು. ತನ್ನ ಬಾಗಿಲ ಹಲಗೆ ಕಣ್ಣ ಮುಂದೆ ಬಂತು, ಆ ಎರಡಕ್ಷರ ಸಮೇತ.

"ಹಾಗೇ ಕಳಿಸಮ್ಮ," ಎಂದಳು. "ವಾಪಸ್ ಬಂದ್ರೆ ಮತ್ತೆ ಕಳಿಸೋಣ. ಮತ್ತೆ ಬಂದ್ರೆ ಮತ್ತೆ. ಒಂದು ಠಸ್ಸೆ ಹಾಕಿ ನಕಲು ಕೊಡು."

ತನ್ನ ಕೋಣೆಗೆ ಬಂದು ಬೀಜದ ಪುಸ್ತಕ ತೆರೆದಳು. ಜನವರಿ ಮೂರರ ಸಾಲಿನ ಅಂಚಿನಲ್ಲಿ ಇನ್ನೂ ಒಂದು ಬೆರಳಿನಷ್ಟು ಜಾಗವಿತ್ತು. ಪೆನ್ಸಿಲಿನಲ್ಲಿ ಬರೆದಳು: ಈ ಪುಟದ ನಕಲು ಆಫೀಸಿನಲ್ಲಿದೆ. ಆಮೇಲೆ ಫೋನ್ ಹಚ್ಚಿದಳು.

ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಐವತ್ತು ಹಾಕಿದ್ರಿ ತಾನೇ?"

"ಮೂವತ್ತಾರು."

ಸುರುಳಿ ಬೈಯಬೇಕಿತ್ತು. ಬೈಯಲಿಲ್ಲ. ಏನೋ ಕೇಳಬಾರದ್ದನ್ನು ಕೇಳುವವಳ ಹಾಗೆ ಮೆಲ್ಲಗೆ ಕೇಳಿದಳು:

"ನಂಗೆ?"

"ಹದ್ನೆಂಟು. ಅದ್ರಲ್ಲಿ ಮೂರು ಹೆಚ್ಚುಕಮ್ಮಿ."

"ಬರೀ ಹದ್ನೆಂಟಾ!" ಎಂದಳು ಸುರುಳಿ. ಅವಳ ದನಿ ಒದ್ದೆಯಾಗಿತ್ತು. "ಹೆಚ್ಚೇ ಇಟ್ಕೊಳ್ಳಿ ಅಕ್ಕ. ಕಮ್ಮಿ ಬೇಡ."